ಸಿಟ್‌ಕಾಮ್‌ನ ಮಕ್ಕಳು ದೊಡ್ಡವರಾದಾಗ

ಪ್ರಶ್ನೆ: ಅಮೆರಿಕದ ಫ್ಯಾಮಿಲಿ ಸಿಟ್‌ಕಾಮ್‌ಗಳಲ್ಲಿ (ಮನೆಮಂದಿಯ ಸುತ್ತ ಹೆಣೆದ ಟಿವಿ ಹಾಸ್ಯ ಧಾರಾವಾಹಿಗಳಲ್ಲಿ) ನಾಲ್ಕೈದು ಸೀಸನ್ ಆಗುತ್ತಿದ್ದಂತೆ ಎಲ್ಲಿಂದಲೋ ಹೊಸ ಪುಟಾಣಿ ಬಂದು ಸೇರುತ್ತದಲ್ಲ, ಯಾಕೆ? ಕೈಗೂಸು ಒಂದೇ ವರ್ಷದಲ್ಲಿ ಪಟಪಟ ಮಾತಾಡುವಷ್ಟು ಬೆಳೆಯುವುದು ಹೇಗೆ?

ಉತ್ತರ 1: ಆರು ವರ್ಷದ ಮಗು ಎದುರುತ್ತರ ಕೊಟ್ಟರೆ ನಗು ಬರುತ್ತದೆ. ಅದೇ ಸಾಲನ್ನು ಹದಿಮೂರರ ಹುಡುಗ ಹೇಳಿದರೆ ಅಧಿಕಪ್ರಸಂಗ! ಖಾಲಿಯಾದ ಆ ಜಾಗಕ್ಕೆ ಹೊಸ ಮಗು. ‘ದಿ ಬ್ರೇಡಿ ಬಂಚ್’ಗೆ 1974ರಲ್ಲಿ ಆಲಿವರ್ ಬಂದ, ಆರೇ ಕಂತಿಗೆ ಶೋ ಮುಗಿಯಿತು. ‘ದಿ ಕಾಸ್ಬಿ ಶೋ’ಗೆ 1989ರಲ್ಲಿ ಬಂದ ಒಲಿವಿಯಾ ಕೊನೆಯವರೆಗೂ ಉಳಿದಳು.

ಉತ್ತರ 2: ಕೂಸಿನದು ಗಡಿಯಾರದ ಲೆಕ್ಕ. ಕ್ಯಾಲಿಫೋರ್ನಿಯಾ ನಿಯಮದಂತೆ ಆರು ತಿಂಗಳೊಳಗಿನ ಕೂಸು ಸೆಟ್‌ನಲ್ಲಿ 2 ಗಂಟೆ ಇರಬಹುದು, ಕೆಲಸ ಮಾತ್ರ 20 ನಿಮಿಷ. ಎರಡು ವರ್ಷ ದಾಟಿದರೆ 3 ಗಂಟೆ ಕೆಲಸ ಸಿಗುತ್ತದೆ. ಅದಕ್ಕೇ ಒಂದು ಪಾತ್ರಕ್ಕೆ ಅವಳಿಗಳು. ‘ಫುಲ್ ಹೌಸ್’ನ ಮಿಶೆಲ್ ಆಗಿದ್ದು ಓಲ್ಸೆನ್ ಸಹೋದರಿಯರು. ಒಂದು ರಚ್ಚೆ ಹಿಡಿದರೆ ಇನ್ನೊಂದನ್ನು ಎತ್ತಿಕೊಂಡು ಟೇಕ್ ಮುಗಿಸಬಹುದು. ಆದರೂ ತೊದಲುವ ಮಗುವಿಗೆ ಜೋಕ್ ಬರೆಯುವುದು ಹೇಗೆ? ‘ಫ್ಯಾಮಿಲಿ ಟೈಸ್’ನ ಆಂಡ್ರ್ಯೂ 1985ರಲ್ಲಿ ಹುಟ್ಟಿ 1986ರ ಸೀಸನ್‌ಗೆ ನರ್ಸರಿ ಹುಡುಗನಾದ.

ಉತ್ತರ 3: ಮಗುವಿನ ಪಾತ್ರವನ್ನೇ ಅಳಿಸಿಹಾಕುವುದೂ ಉಂಟು. ‘ಫ್ಯಾಮಿಲಿ ಮ್ಯಾಟರ್ಸ್’ನಲ್ಲಿ ಪಕ್ಕದ ಮನೆಯ ಅರ್ಕೆಲ್ ಜನಪ್ರಿಯನಾದ, ಕಿರಿಮಗಳು ಜೂಡಿ 1993ರ ನಂತರ ಮಾಯ, ಮನೆಯವರು ಅವಳ ಹೆಸರೂ ಎತ್ತುವುದಿಲ್ಲ. ನನ್ನ ಪ್ರಕಾರ ಇದೇ ಅತಿ ಸೋಮಾರಿ ದಾರಿ.

ನಿಜವಾದ ತಲೆನೋವು ಕಾಲೇಜು ವಯಸ್ಸು. ಪಾತ್ರವನ್ನು ದೂರದ ಊರಿಗೆ ಕಳಿಸಿದರೆ ಹಾಸ್ಟೆಲ್‌ನ ಹೊಸ ಸೆಟ್, ಹೊಸ ಗೆಳೆಯರ ಬಳಗ ಬೇಕು. ಕಂತು 22 ನಿಮಿಷದ್ದು, ಎರಡು ಕಡೆ ಹಂಚಿದರೆ ಎರಡೂ ತೆಳು. ಹಾಗಾಗಿ ಹತ್ತಿರದ ಕಾಲೇಜಿಗೆ ಸೇರಿಸಿ, ಅದೇ ಸೋಫಾದಲ್ಲಿ ಕೂರಿಸುತ್ತಾರೆ.