2 ಎಂಎಂ ಶೀಟ್ ಪೂರ್ತಿ ಕೊಯ್ಯವಲ್ದು, ಕಿಡಿ ಮ್ಯಾಲೇ ಹಾರ್ತಾವ: ಪ್ಲಾಸ್ಮಾ ಸೆಟ್ಟಿಂಗ್ ಏನಿಡಬೇಕು?

ತೊಗರಿಶೆಡ್_ಕಲಬುರಗಿ
40 ಆಂಪಿನ ಪ್ಲಾಸ್ಮಾ ಕಟರ್ (ಕರೆಂಟಿನ ಆರ್ಕ್, ಗಾಳಿ ಕೂಡಿ ಲೋಹ ಕೊಯ್ಯೋ ಮಷಿನ್). 2 ಎಂಎಂ ಎಂಎಸ್ (ಸಾದಾ ಉಕ್ಕಿನ) ಶೀಟ್, ದಾಲ್ ಮಿಲ್ಲಿನ ಹಾಪರಿಗೆ. ಮೊದಲ ಒಂದು ಗೇಣು ಛಲೋ ಕೊಯ್ತದ. ಆಮ್ಯಾಲ ಕಿಡಿ ಕೆಳಗ ಹೋಗೋದು ಬಿಟ್ಟು ಮುಖದ ಕಡಿ ಹಾರ್ತಾವ, ಆರ್ಕ್ ಪಟ್ಟನೆ ಆರ್ತದ. ಶೀಟಿನ ಕೆಳಗ ಸ್ಲ್ಯಾಗ್ (ಕರಗಿ ಗಟ್ಟಿಯಾದ ಲೋಹ) ಗಂಟುಗಂಟು. ಆಂಪ್ 20ರಿಂದ 40ರ ತನಕ ಎಲ್ಲಾ ತಿರುವಿ ನೋಡೇದ. ಗಾಳಿ ಸರಿ ಅದ, ಕರೆಂಟ್ ಸರಿ ಅದ. ಸೆಟ್ಟಿಂಗ್ ಒಂದು ಹೇಳ್ರಿ ಸಾಕು, ತಲಿ ಕೆಟ್ಟದ.

ಬೀದರ್_ಕಿಡಿ
ಗಾಳಿಯೊಳಗ ನೀರು ರೀ, ನೀರು. ಈ ಮಳಿಗಾಲದಾಗ ಕಂಪ್ರೆಸರ್ ಟ್ಯಾಂಕಿನ ತಳದ ವಾಲ್ವ್ ದಿನಾ ಬಿಡಲಿಲ್ಲಂದ್ರ ಹಿಂಗೇ ಆಗ್ತದ. ವಾಲ್ವ್ ತೆಗದು ಪೂರ್ತಿ ಖಾಲಿ ಮಾಡ್ರಿ. ಆಮ್ಯಾಲ ಮಷಿನ್ನಿನ ಗಾಳಿ ಟೆಸ್ಟ್ ಸ್ವಿಚ್ ಒತ್ತಿ, ಟಾರ್ಚಿನ (ಕೈಯಾಗ ಹಿಡದು ಕೊಯ್ಯೋ ಹಿಡಿಕಿಯ) ಮುಂದ ಬಿಳಿ ಕಾಗದ ಹಿಡೀರಿ. ಹನಿ ಬಿತ್ತಂದ್ರ ಮುಗೀತು.

ಸೇಡಂ_16ಗೇಜ್
ಹೇಳಬೇಕಾದ್ದೇ ಹೇಳಿಲ್ಲಲ್ಲ ಅಣ್ಣಾ. ಟಾರ್ಚ್ ಯಾವುದು, ನಾಝಲ್ (ಟಾರ್ಚಿನ ತುದಿ) ತೂತು ಎಷ್ಟು ಎಂಎಂ, ಕಂಪ್ರೆಸರ್ ಎಷ್ಟು ಎಚ್‌ಪಿ, ಅರ್ಥ್ ಕ್ಲಾಂಪ್ ಎಲ್ಲಿ ಹಚ್ಚೀರಿ? "ಗಾಳಿ ಸರಿ ಅದ" ಅಂದ್ರ ಎಷ್ಟು ಬಾರ್? ಟ್ರಿಗರ್ ಒತ್ತಿದಾಗಿನದೋ, ಸುಮ್ಕ ನಿಂತಾಗಿನದೋ?

ತೊಗರಿಶೆಡ್_ಕಲಬುರಗಿ
ಪಿಟಿ-31 ಟಾರ್ಚ್. ನಾಝಲ್ ಡಬ್ಬಿ ಮ್ಯಾಲ 1.0 ಅಂತದ. ಕಂಪ್ರೆಸರ್ 1 ಎಚ್‌ಪಿ, 50 ಲೀಟರ್. ಕ್ಲಾಂಪ್ ಟೇಬಲ್ಲಿನ ಆಂಗಲ್ಲಿಗೆ. ಮಷಿನ್ನಿನ ಹಿಂದಿನ ಮೀಟರ್ 5 ಬಾರ್ ತೋರಸ್ತದ. ಕಾಗದದ ಮ್ಯಾಲ ಹನಿ ಬಿದ್ದಿಲ್ಲ.

ಬೀದರ್_ಕಿಡಿ
ಕಾಗದ ಒಣಾ ಇದ್ರೂ ನಂಬಬ್ಯಾಡ್ರಿ. ಟಾರ್ಚಿನೊಳಗಿನ ಎಲೆಕ್ಟ್ರೋಡ್ ತೆಗದು ನೋಡ್ರಿ. ನಡುವಿನ ಹಾಫ್ನಿಯಂ (ಶಾಖ ತಡಿಯೋ ಲೋಹ) ಚುಕ್ಕಿ 1.5 ಎಂಎಂಗಿಂತ ಆಳ ಕುಳಿ ಬಿದ್ದಿದ್ರ ಎಸೀರಿ. ಹೊಸದು ಹಾಕಿದ ಮ್ಯಾಲೂ ಬೇಗ ಕುಳಿ ಬಿದ್ರ ನೀರೇ. ಇನ್ನೊಂದು, ಕಂಪ್ರೆಸರಿಗೆ ಅಂಟಿಸಿದ ಫಿಲ್ಟರ್ ಸುಳ್ಳು ಧೈರ್ಯ. ಅಲ್ಲಿ ಗಾಳಿ ಇನ್ನಾ ಬಿಸಿ ಇರ್ತದ, ನೀರು ಆವಿಯಾಗೇ ದಾಟಿ ಹೋಗ್ತದ. ಪೈಪಿನಾಗ ತಣ್ಣಗಾದ ಮ್ಯಾಲ ಹನಿಗಟ್ಟಿ ಟಾರ್ಚಿಗಿ ಇಳೀತದ. ಫಿಲ್ಟರ್ ಮಷಿನ್ನಿನ ಬಾಜೂ ಇರ್ಲಿ.

ಸೇಡಂ_16ಗೇಜ್
ಫಿಲ್ಟರಿನ ಮಾತು ಖರೇ. ಆದ್ರ ನೀರಿದ್ರ ಆರ್ಕ್ ಪಟಪಟ ಅಂತದ. ಒಂದು ಗೇಣು ನೆಟ್ಟಗ ಕೊಯ್ದು ಆಮ್ಯಾಲ ಸಾಯೋದು ನೀರಿನ ಲಕ್ಷಣ ಅಲ್ಲ, ಒತ್ತಡ ಕುಸಿಯೋ ಲಕ್ಷಣ. ಆಂಪಿಗೆ ಕೈ ಹಚ್ಚಬ್ಯಾಡ್ರಿ. ಮೊದಲ ಗಾಳಿ ಟೆಸ್ಟ್ ಒತ್ತಿ ಹಿಡದು, ಹದಿನೈದು ಸೆಕೆಂಡ್ ಆದ ಮ್ಯಾಲ ಮೀಟರ್ ಓದ್ರಿ. ಗಾಳಿ ಹರಿಯೋವಾಗ 4.5ರಿಂದ 5 ಬಾರ್ ಇರಬೇಕು. ನಿಂತಾಗಿನ ಅಂಕಿ ಕಟ್ಟಿಕೊಂಡು ಏನೂ ಉಪಯೋಗಿಲ್ಲ.

ಯಾದಗಿರಿ_ಸಿಎನ್‌ಸಿ
1 ಎಚ್‌ಪಿ ಕಂಪ್ರೆಸರ್ ಸೈಕಲ್ ಟ್ಯೂಬಿಗೆ ಬರೋಬರಿ. ನಮ್ಮದು 4 ಬೈ 8 ಅಡಿ ಸಿಎನ್‌ಸಿ (ಕಂಪ್ಯೂಟರ್ ನಡಸೋ) ಟೇಬಲ್, ಕೆಳಗ ನೀರಿನ ತೊಟ್ಟಿ, ತ್ರೀ ಫೇಸ್ 100 ಆಂಪ್, 10 ಎಚ್‌ಪಿ ಸ್ಕ್ರೂ ಕಂಪ್ರೆಸರ್, ಟಾರ್ಚಿನ ಎತ್ತರ ತಾನೇ ಕಾಯ್ಕೋತದ. 2 ಎಂಎಂ ಅಂದ್ರ ಅದಕ್ಕ ಹಪ್ಪಳ.

ಸೇಡಂ_16ಗೇಜ್
ಅವ್ರು ಕೇಳಿದ್ದು ಸಿಂಗಲ್ ಫೇಸ್ ಮಷಿನ್ನಿನ ಸೆಟ್ಟಿಂಗ್.

ಯಾದಗಿರಿ_ಸಿಎನ್‌ಸಿ
ಆಯ್ತಪಾ. ಹಂಗಾದ್ರ ಕರೆಂಟೂ ನೋಡ್ರಿ. 40 ಆಂಪಿನಾಗ ಕೊಯ್ದರ ಲೈನಿನಿಂದ 25 ಆಂಪ್ ಮ್ಯಾಲೇ ಎಳೀತದ. 1.5 ಚದರ ಎಂಎಂ ವೈರಿನ 30 ಮೀಟರ್ ಎಕ್ಸ್‌ಟೆನ್ಶನ್ ಇತ್ತಂದ್ರ ಹೋಗಿ ಬರೋ ದಾರಿಯೊಳಗ 18 ವೋಲ್ಟ್ ಅಲ್ಲೇ ಹೋಯ್ತು. ಸಂಜಿಗಿ ಪಂಪ್‌ಸೆಟ್ ಚಾಲೂ ಆಗಿ ಲೈನೇ 190 ಇದ್ರ ಮಷಿನ್ ಎಲ್ಲಿ ಉಸಿರಾಡಬೇಕು? 4 ಚದರ ಎಂಎಂ ವೈರ್, 32 ಆಂಪ್ ಎಂಸಿಬಿ. ಬ್ಯಾಸಗಿ ತಗಡಿನ ಶೆಡ್ಡಿನಾಗ 60 ಪರ್ಸೆಂಟ್ ಡ್ಯೂಟಿ ಸೈಕಲ್ ನಂಬಿ ಹತ್ತು ಮಿನಿಟಿನಾಗ ಆರು ಮಿನಿಟ್ ಎಳೀಬ್ಯಾಡ್ರಿ. ಆ ಲೆಕ್ಕ ಹಾಕೋದು 40 ಡಿಗ್ರಿಗಿ, ಕಲಬುರಗಿ ಮೇ ತಿಂಗಳು ಅದನ್ನ ದಾಟ್ತದ.

ತೊಗರಿಶೆಡ್_ಕಲಬುರಗಿ
ಟೆಸ್ಟ್ ಒತ್ತಿ ಹಿಡದೆ. 5 ಇದ್ದ ಮುಳ್ಳು 2.8ಕ್ಕ ಬಂದು ನಿಂತದ. ಟ್ಯಾಂಕಿನ ಮೀಟರ್ ಮಾತ್ರ ಇನ್ನಾ 7ರ ಮ್ಯಾಲದ. ಪೈಪ್ ನೀಲಿ ಪಿಯು (ಪಾಲಿಯುರೆಥೇನ್ ಪ್ಲಾಸ್ಟಿಕ್), 6 ಎಂಎಂ, ಹತ್ತು ಮೀಟರ್. ವೋಲ್ಟೇಜ್ ಕೊಯ್ಯೋವಾಗ 212.

ಸೇಡಂ_16ಗೇಜ್
ಸಿಕ್ತು. ಟ್ಯಾಂಕಿನಾಗ 7 ಇದ್ದು ಮಷಿನ್ನಿನಾಗ 2.8 ಅಂದ್ರ ನಡುವ ಎಲ್ಲೋ ಗಂಟಲು ಸಣ್ಣದದ. 6 ಎಂಎಂ ಪಿಯು ಅಂದ್ರ ಹೊರಗಿನ ಅಳತಿ, ಒಳಗ ಬರೇ 4 ಎಂಎಂ. ಪಿಟಿ-31ಕ್ಕ ಮಿನಿಟಿಗಿ 120ರಿಂದ 170 ಲೀಟರ್ ಗಾಳಿ ಬೇಕು, ಅಷ್ಟು 4 ಎಂಎಂ ತೂತಿನಾಗ ಹತ್ತು ಮೀಟರ್ ಹೋಗೂದಿಲ್ಲ. 10 ಎಂಎಂ ಪಿಯು ತಗೋರಿ, ಒಳಗ 6.5 ಎಂಎಂ ಇರ್ತದ. ಅಷ್ಟೇ ಗಾಳಿಗಿ ಒತ್ತಡದ ನಷ್ಟ ಸುಮಾರು ಹನ್ನೊಂದನೇ ಒಂದು ಪಾಲಿಗಿ ಇಳೀತದ. ಎರಡೂ ತುದಿಗಿ ಸಣ್ಣ ಕ್ವಿಕ್ ಕಪ್ಲರ್ ಇದ್ರ ಅವನ್ನೂ ಬದಲಿ ಮಾಡ್ರಿ, ಇಲ್ಲಂದ್ರ ಪೈಪಿನ ರೊಕ್ಕ ದಂಡ.

ಗಾಳಿ ಕಮ್ಮಿಯಾದ್ರ ಆರ್ಕ್ ಬಿಗಿಯಾಗಿ ನಿಲ್ಲೂದಿಲ್ಲ, ನಾಝಲ್ ಕಾಯ್ತದ, ತೂತು ಅಂಡಾಕಾರ ಆಗ್ತದ. ಈಗಿರೋ ನಾಝಲ್ ಬೆಳಕಿಗಿ ಹಿಡದು ನೋಡ್ರಿ. ದುಂಡಗಿಲ್ಲಂದ್ರ ಹೊಸದು ಹಾಕಿದ ಮ್ಯಾಲೇ ಸೆಟ್ಟಿಂಗಿನ ಮಾತು. ಕ್ಲಾಂಪ್ ಶೀಟಿಗೇ ಹಚ್ರಿ, ಬಣ್ಣ ಜಂಗು ಗ್ರೈಂಡರಿಂದ ತೆಗದು.

ಬೀದರ್_ಕಿಡಿ
ಪೈಪ್ ದಪ್ಪ ಮಾಡಿದ್ರ ನೀರೂ ಜಾಸ್ತಿ ಬರ್ತದ, ನೆನಪಿಡ್ರಿ.

ಸೇಡಂ_16ಗೇಜ್
ನೀರು ಬರೋದು ಗಾಳಿಯಿಂದ, ಪೈಪಿನ ದಪ್ಪದಿಂದ ಅಲ್ಲ.

ಬೀದರ್_ಕಿಡಿ
ಜಾಸ್ತಿ ಗಾಳಿ ಹೋದ್ರ ಜಾಸ್ತಿ ನೀರು ಹೋಗಲ್ಲೇನು? ಲೆಕ್ಕ ಹಾಕ್ರಿ.

ತೊಗರಿಶೆಡ್_ಕಲಬುರಗಿ
10 ಎಂಎಂ ಪೈಪ್, ದೊಡ್ಡ ಕಪ್ಲರ್, ಹೊಸ ನಾಝಲ್. ಹರಿಯೋವಾಗ 4.7 ನಿಂತದ. ಕಿಡಿ ಕೆಳಗ ಹೊಂಟಾವ. ಆದ್ರ ಎರಡು ಮಿನಿಟಿಗಿ ಮತ್ತ ಇಳೀತದ. ಸ್ಲ್ಯಾಗ್ ಇನ್ನಾ ಅದ, ಮತ್ತ ಒಂದು ಕಡಿ ಅಂಚು ವಾರಿ (ಓರೆ) ಬರ್ತದ.

ಸೇಡಂ_16ಗೇಜ್
ಎರಡು ಮಿನಿಟಿನ ಲೆಕ್ಕ ನಿಮ್ಮ ಟ್ಯಾಂಕಿಂದು. 50 ಲೀಟರ್ ಟ್ಯಾಂಕ್ 8 ಬಾರಿಂದ 5ಕ್ಕ ಇಳಿಯೋದ್ರೊಳಗ 150 ಲೀಟರ್ ಗಾಳಿ ಕೊಡ್ತದ. 1 ಎಚ್‌ಪಿ ಮಿನಿಟಿಗಿ 70-80 ಲೀಟರ್ ತುಂಬಬಹುದು, ಟಾರ್ಚ್ 150 ಕುಡೀತದ. ಒಂದೊಂದು ಗೆರಿ ಕೊಯ್ದು ಟ್ಯಾಂಕ್ ತುಂಬೋ ತನಕ ನಿಲ್ಲಿಸ್ರಿ. ದಿನಪೂರ್ತಿ ಕೆಲಸ ಇದ್ರ 3 ಎಚ್‌ಪಿ ಬೇಕೇ ಬೇಕು.

ಈಗ ಸೆಟ್ಟಿಂಗ್. 1.0 ನಾಝಲ್ಲಿಗಿ 2 ಎಂಎಂ ಶೀಟಿನಾಗ 30 ಆಂಪಿಂದ ಶುರು ಮಾಡ್ರಿ. ಟಾರ್ಚ್ ನೆಟ್ಟಗ ಹಿಡದು, ಕಿಡಿ ಶೀಟಿನ ಕೆಳಗ ಹತ್ತು-ಹದಿನೈದು ಡಿಗ್ರಿ ಹಿಂದಕ್ಕ ವಾಲೋ ಹಂಗ ಎಳೀರಿ. ನೆಟ್ಟಗ ಕೆಳಗ ಬಿದ್ರ ಕೈ ನಿಧಾನ ಆಯ್ತು, ಭಾಳ ಹಿಂದಕ್ಕ ಹೋದ್ರ ಜೋರಾಯ್ತು. ಸ್ಲ್ಯಾಗ್ ದಪ್ಪಗಿದ್ದು ಸುತ್ತಿಗಿ ತುದಿ ಮುಟ್ಟಿಸಿದ್ರ ಉದುರ್ತದ ಅಂದ್ರ ನಿಧಾನದ್ದು. ಕೈ ಜೋರು ಮಾಡ್ರಿ, ಇಲ್ಲಾ 5 ಆಂಪ್ ಇಳಿಸ್ರಿ. ಸಣ್ಣ ದಾರದ ಹಂಗ ಗಟ್ಟಿ ಹತ್ತಿ, ಗ್ರೈಂಡರಿಗೇ ಬಗ್ಗಿದ್ರ ಅದು ಜೋರಿಂದು.

ವಾರಿ ಅಂಚು ದೋಷ ಅಲ್ಲ. ಗಾಳಿ ಟಾರ್ಚಿನಾಗ ತಿರಗ್ತಾ ಬರ್ತದ. ನೀವು ಹೋಗೋ ದಿಕ್ಕಿನ ಬಲಗಡಿ ಅಂಚು ನೆಟ್ಟಗ, ಎಡಗಡಿದು ವಾರಿ. ಬೇಕಾದ ತುಣುಕು ಬಲಕ್ಕಿರ್ಲಿ, ಸ್ಕ್ರ್ಯಾಪ್ ಎಡಕ್ಕ. ಹಾಪರಿನ ಬಾಯಿ ತೂತು ಅಪ್ರದಕ್ಷಿಣ ಕೊಯ್ರಿ, ಗುಂಡು ಬಿಲ್ಲಿ ಬೇಕಾದ್ರ ಪ್ರದಕ್ಷಿಣ.

ಯಾದಗಿರಿ_ಸಿಎನ್‌ಸಿ
ಸಿಎನ್‌ಸಿಯೊಳಗೂ ಇದೇ ದಿಕ್ಕು. 5ನೇ ನಂಬರ್ ಗಾಜು ಹಾಕ್ರಿ, ಬಿಸಿಲಿನ ಕನ್ನಡಕದಾಗ ಕೊಯ್ಯಬ್ಯಾಡ್ರಿ.

ತೊಗರಿಶೆಡ್_ಕಲಬುರಗಿ
30ರಾಗ ಸ್ಲ್ಯಾಗ್ ಉದುರ್ಲಾಕತ್ತದ. ಇದೇ ಸೆಟ್ಟಿಂಗಿನಾಗ ಜಿಐ (ಸತು ಲೇಪದ) ತಗಡು ನಡೀತದೇನು?

ಸೇಡಂ_16ಗೇಜ್
1.2 ಎಂಎಂ ಜಿಐ ಇದ್ರ 20-25 ಆಂಪ್, 0.8 ನಾಝಲ್. ಆ ಸಣ್ಣ ನಾಝಲ್ ಇಟ್ಟು 40 ಕೊಟ್ರ ಅಲ್ಲೇ ಸುಡ್ತದ. ಸತುವಿನ ಬಿಳಿ ಹೊಗಿ ಕುಡದ್ರ ರಾತ್ರಿ ಚಳಿಜ್ವರ ಬರ್ತದ. ಶೆಡ್ಡಿನ ಹೊರಗ, ಗಾಳಿಗಿ ಬೆನ್ನು ಕೊಡದ ಬಾಜೂ ನಿಂತು ಕೊಯ್ರಿ.

ಬೀದರ್_ಕಿಡಿ
ಟ್ಯಾಂಕಿನ ನೀರು ಬಿಟ್ರಿ ಏನು?