ಸಹಾಯ ಬೇಕು: ಇಂಟರ್‌ಫೆರಾನ್ ಬಗ್ಗೆ ಒಂದು ಅನುಮಾನ

ಇಮ್ಯುನಾಲಜಿ (ರೋಗನಿರೋಧಕ ಶಾಸ್ತ್ರ) ಓದಿದವರು ಯಾರಾದರೂ ಇದ್ದೀರಾ? ಮುಂದಿನ ವಾರ ಬಿಎಸ್ಸಿ ಮಕ್ಕಳಿಗೆ ಇಂಟರ್‌ಫೆರಾನ್ (ವೈರಸ್ ಬಂದಾಗ ಜೀವಕೋಶಗಳು ಹೊರಬಿಡುವ ಸಂಕೇತ ಪ್ರೋಟೀನ್) ಪಾಠ ಮಾಡಬೇಕು.

ಇತಿಹಾಸ ಸುಲಭ. 1957ರಲ್ಲಿ ಲಂಡನ್ನಿನಲ್ಲಿ ಐಸಾಕ್ಸ್ ಮತ್ತು ಲಿಂಡೆನ್‌ಮನ್, ಬಿಸಿ ಮಾಡಿ ನಿಷ್ಕ್ರಿಯಗೊಳಿಸಿದ ಫ್ಲೂ ವೈರಸ್ಸನ್ನು ಕೋಳಿಮೊಟ್ಟೆಯ ಪೊರೆಯ ಮೇಲೆ ಪ್ರಯೋಗಿಸಿ ಇದನ್ನು ಕಂಡುಹಿಡಿದರು. ತೊಡಕು ಇರುವುದು ಮುಂದೆ.

ವೈರಸ್ ಹೊಕ್ಕ ಜೀವಕೋಶ ಇಂಟರ್‌ಫೆರಾನ್ ಹೊರಬಿಡುತ್ತದೆ. ಅದು ತಾನೇ ವೈರಸ್ಸನ್ನು ಕೊಲ್ಲುವುದಿಲ್ಲ, ಅಕ್ಕಪಕ್ಕದ ಕೋಶಗಳನ್ನು ಎಚ್ಚರಿಸುತ್ತದೆ. ಅಲ್ಲಿ ಜ್ಯಾಕ್-ಸ್ಟ್ಯಾಟ್ ಎಂಬ, ಸಂಕೇತ ಸಾಗಿಸುವ ದಾರಿಯಲ್ಲಿ ನೂರಾರು ಜೀನ್‌ಗಳು ಚಾಲೂ ಆಗುತ್ತವೆ. ಪಿಕೆಆರ್ ಎಂಬ ಕಿಣ್ವ ಜಾಸ್ತಿಯಾಗುತ್ತದೆ, ಆದರೆ ಸುಮ್ನೆ ಕಾಯುತ್ತಿರುತ್ತದೆ. ಎರಡೆಳೆಯ ಆರ್‌ಎನ್‌ಎ (ವೈರಸ್ ಬಂದದ್ದರ ಗುರುತು) ಸಿಕ್ಕಾಗಲೇ ಅದಕ್ಕೆ ಕೆಲಸ. ಆಗ ಪ್ರೋಟೀನ್ ತಯಾರಿಕೆ ಶುರುವಾಗಲು ಬೇಕಾದ ಇಐಎಫ್2 ಆಲ್ಫಾಗೆ ಫಾಸ್ಫೇಟ್ ಅಂಟಿಸಿ ಆ ತಯಾರಿಕೆಯನ್ನೇ ತಡೆಯುತ್ತದೆ. ಆರ್‌ನೇಸ್ ಎಲ್ ಎಂಬ ಇನ್ನೊಂದು ಕಿಣ್ವವಂತೂ ವೈರಸ್ಸಿನದು, ಕೋಶದ್ದು ಎಂದು ನೋಡದೆ ಆರ್‌ಎನ್‌ಎ ಕತ್ತರಿಸುತ್ತದೆ. ಸ್ವಲ್ಪ ಒರಟು ಉಪಾಯವೇ!

ಪ್ರಶ್ನೆ ಇಷ್ಟೇ. ಇಂಟರ್‌ಫೆರಾನ್ ಕೂಡ ಪ್ರೋಟೀನೇ ಅಲ್ವಾ? ಸೋಂಕು ತಗುಲಿದ ಕೋಶದಲ್ಲಿ ತಯಾರಿಕೆ ನಿಂತ ಮೇಲೆ ಅದು ಹೇಗೆ ತಯಾರಾಗುತ್ತದೆ? ತಡೆ ಬೀಳುವ ಮುಂಚೆಯೇ ಸಾಕಷ್ಟು ಆಗಿಬಿಡುತ್ತದಾ? ಅದರ ಎಂಆರ್‌ಎನ್‌ಎಗೆ (ಪ್ರೋಟೀನ್ ತಯಾರಿಸುವ ಸೂಚನೆ ಒಯ್ಯುವ ಆರ್‌ಎನ್‌ಎಗೆ) ಈ ತಡೆಯಿಂದ ತಪ್ಪಿಸಿಕೊಳ್ಳುವ ದಾರಿ ಏನಾದರೂ ಇದೆಯಾ? ಚುರುಕಾದ ಹುಡುಗರು ಇದನ್ನು ಕೇಳಿಯೇ ಕೇಳುತ್ತಾರೆ.

ಕೊನೆಗೆ ಕೋವಿಡ್ ಉದಾಹರಣೆ ಕೊಡುವ ಯೋಚನೆಯಿದೆ. ಗಂಭೀರವಾಗಿ ಕಾಯಿಲೆ ಬಿದ್ದವರಲ್ಲಿ ಸುಮಾರು 10% ಜನರ ರಕ್ತದಲ್ಲಿ ಟೈಪ್ 1 ಎಂಬ ಬಗೆಯ ಇಂಟರ್‌ಫೆರಾನನ್ನೇ ಕಟ್ಟಿಹಾಕುವ ಪ್ರತಿಕಾಯಗಳು 2020ರಲ್ಲಿ ಪತ್ತೆಯಾದವು. ಇದನ್ನು ತೋರಿಸುವ ಸರಳ ಚಿತ್ರ ಯಾರ ಬಳಿಯಾದರೂ ಇದ್ದರೆ ದಯವಿಟ್ಟು ಹಾಕಿ. ಕೈಯಲ್ಲಿ ಬರೆದದ್ದಾದರೂ ಪರವಾಗಿಲ್ಲ.