ಅಕ್ಕಪಕ್ಕದಲ್ಲೇ ಇರುವ ಒಳ್ಳೆ ಚಿಕ್ಕ ಹೋಟೆಲ್‌ಗಳನ್ನು ಹೇಗೆ ಹುಡುಕುತ್ತೀರಿ?

ಪ್ರಶ್ನೆ:
ಈ ಏರಿಯಾಕ್ಕೆ ಬಂದು ನಾಲ್ಕು ವರ್ಷ ಆಯಿತು. ಹೊರಗೆ ಊಟ ಅಂದರೆ ಅದೇ ಮೂರು ದೊಡ್ಡ ಹೋಟೆಲ್, ಎಲ್ಲ ಕಡೆ ಒಂದೇ ರುಚಿ. ಮೊನ್ನೆ ರಸ್ತೆ ಅಗೆದಿದ್ದರು ಅಂತ ಹಿಂದಿನ ಗಲ್ಲಿಯಿಂದ ಬಂದೆ. ಅಲ್ಲೊಂದು ಐದೇ ಟೇಬಲ್‌ನ ಹೋಟೆಲ್. ಬೋರ್ಡ್ ಮೇಲೆ ಸೀಮೆಸುಣ್ಣದಲ್ಲಿ ಬರೆದ ನಾಲ್ಕು ಐಟಂನಲ್ಲಿ ಎರಡು ಆಗಲೇ ಖಾಲಿ, ಒಬ್ಬರು ಒದ್ದೆ ಬಟ್ಟೆಯಿಂದ ಮೂರನೆಯದನ್ನೂ ಅಳಿಸುತ್ತಿದ್ದರು. ಉಳಿದಿದ್ದನ್ನೇ ತಿಂದೆ, ಎಂಥ ಕೈರುಚಿ! ಮನೆಯಿಂದ ಹತ್ತು ನಿಮಿಷದ ದಾರಿ, ಇಷ್ಟು ದಿನ ಗೊತ್ತೇ ಇರಲಿಲ್ಲ. ಇಂಥವನ್ನು ಹುಡುಕುವುದು ಹೇಗೆ? ಸ್ಟಾರ್ ನೋಡಿ ಹೋಗಿ ಎರಡು ಸಲ ಬೇಜಾರಾಗಿದೆ.

ಉತ್ತರ 1:
ಬರೀ ಸ್ಟಾರ್ ನೋಡಬೇಡಿ. ಹತ್ತೇ ಜನ ಕೊಟ್ಟ 4.9ಕ್ಕಿಂತ ಸಾವಿರ ಜನ ಕೊಟ್ಟ 4.3 ಜಾಸ್ತಿ ನಂಬಬಹುದು. ರಿವ್ಯೂಗಳನ್ನು ಹೊಸದು ಮೊದಲು ಬರುವ ಹಾಗೆ ಇಟ್ಟು ಓದಿ, ಯಾಕೆಂದರೆ ಅಡುಗೆಯವರು ಬದಲಾದರೆ ಹಳೇ ಹೊಗಳಿಕೆಗೆ ಅರ್ಥ ಇಲ್ಲ. ಇನ್ನೊಂದು ವಿಷಯ, ಮೊಬೈಲ್ ಮ್ಯಾಪ್‌ನಲ್ಲಿ ದೂರದಿಂದ ನೋಡಿದರೆ ಎಲ್ಲ ಅಂಗಡಿ ಕಾಣುವುದಿಲ್ಲ. ಒಂದೊಂದೇ ಗಲ್ಲಿಯನ್ನು ದೊಡ್ಡದು ಮಾಡುತ್ತಾ ಹೋಗಿ, ಆಗ ಚಿಕ್ಕವು ಒಂದೊಂದಾಗಿ ಮೇಲೆ ಬರುತ್ತವೆ.

ಉತ್ತರ 2:
ನಾನು ಮ್ಯಾಪ್ ನೋಡುವುದು ಕಡಿಮೆ, ನಡೆಯುವುದೇ ಜಾಸ್ತಿ. ಊಟದ ಹೊತ್ತಿಗೆ ಸರಿಯಾಗಿ ಹೊರಟು, ಅಲ್ಲೇ ಅಕ್ಕಪಕ್ಕ ಕೆಲಸ ಮಾಡುವವರು, ಡೆಲಿವರಿ ಹುಡುಗರು, ತರಕಾರಿ ಮಾರುವವರು ಎಲ್ಲಿ ತಿನ್ನುತ್ತಾರೆ ಅಂತ ನೋಡುತ್ತೇನೆ. ಕೇಳುವಾಗಲೂ "ಇಲ್ಲಿ ಒಳ್ಳೆ ಹೋಟೆಲ್ ಯಾವುದು" ಅಂತ ಕೇಳಬೇಡಿ, ಎಲ್ಲರೂ ದೊಡ್ಡ ಹೆಸರನ್ನೇ ಹೇಳಿ ಕಳಿಸುತ್ತಾರೆ. "ನೀವು ನಿನ್ನೆ ಎಲ್ಲಿ ಊಟ ಮಾಡಿದಿರಿ" ಅಂತ ಕೇಳಿ. ಜನ ಜಾಸ್ತಿ ಇರುವ ಕಡೆ ಅಡುಗೆ ಬೇಗ ಖರ್ಚಾಗುತ್ತದೆ, ತಣ್ಣಗಾಗಿ ಕೂತಿರುವುದಿಲ್ಲ. ಇದು ರುಚಿಯ ಮಾತಷ್ಟೇ ಅಲ್ಲ. ಬೇಯಿಸಿದ್ದನ್ನು 2 ಗಂಟೆಗಿಂತ ಜಾಸ್ತಿ ಹೊರಗೆ ಸುಮ್ನೆ ಇಡಬಾರದು, ಬಡಿಸುವ ತನಕ 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಬಿಸಿ ಇರಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ತಟ್ಟೆಯಿಂದ ಹಬೆ ಏಳುತ್ತಿದೆಯಾ ನೋಡಿ, ಕರಿದ ಎಣ್ಣೆಯ ಕಮಟು ವಾಸನೆ ಬಂದರೆ ಎದ್ದು ಬನ್ನಿ.

ಉತ್ತರ 3:
ಸಿಕ್ಕಿದ ಮೇಲೆ ದಯವಿಟ್ಟು ನಾಲ್ಕು ಸಾಲು ರಿವ್ಯೂ ಬರೆಯಿರಿ. ಅಮೆರಿಕದ ಸಿಯಾಟಲ್‌ನ ಹೋಟೆಲ್‌ಗಳ ಬಗ್ಗೆ ಹಾರ್ವರ್ಡ್‌ನ ಮೈಕಲ್ ಲೂಕಾ 2011ರಲ್ಲಿ ಒಂದು ಅಧ್ಯಯನ ಹೊರತಂದರು. ಯೆಲ್ಪ್ ಅನ್ನುವ ರಿವ್ಯೂ ಸೈಟ್‌ನಲ್ಲಿ ಒಂದು ಸ್ಟಾರ್ ಜಾಸ್ತಿಯಾದರೆ ಆದಾಯ ಶೇ. 5ರಿಂದ 9ರಷ್ಟು ಏರುತ್ತದಂತೆ, ಅದೂ ಸ್ವಂತವಾಗಿ ನಡೆಸುವ ಹೋಟೆಲ್‌ಗಳಿಗೆ ಮಾತ್ರ, ಒಂದೇ ಹೆಸರಲ್ಲಿ ಹಲವು ಕಡೆ ಇರುವ ಚೈನ್‌ಗಳಿಗೆ ಏನೂ ವ್ಯತ್ಯಾಸ ಇಲ್ಲ. ಚೈನ್ ಹೆಸರು ಎಲ್ಲರಿಗೂ ಗೊತ್ತು, ಗಲ್ಲಿ ಹೋಟೆಲ್‌ಗೆ ನಿಮ್ಮ ಮಾತೇ ಬೋರ್ಡ್ ಅಲ್ವಾ? "ಚೆನ್ನಾಗಿದೆ" ಅಂತ ಬಿಟ್ಟುಬಿಡಬೇಡಿ. ಏನು ತಿಂದಿರಿ, ಎಷ್ಟು ಹೊತ್ತಿಗೆ ಖಾಲಿಯಾಗುತ್ತದೆ, ಯಾವತ್ತು ರಜೆ, ಅದನ್ನು ಬರೆಯಿರಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಆ ಐದು ಟೇಬಲ್‌ನ ಹೋಟೆಲ್ ಮ್ಯಾಪ್‌ನಲ್ಲಿ ಇರಲೇ ಇಲ್ಲ. ಇವತ್ತು ಮಾಲೀಕರನ್ನು ಕೇಳಿ, ಅವರು ಹೂಂ ಅಂದ ಮೇಲೆ ನಾನೇ ಸೇರಿಸಿದೆ. ಮೂರನೇ ಐಟಂ ನಾಳೆ ಬೇಗ ಹೋದರೆ ಸಿಗುತ್ತದಂತೆ.